ಹೇಳಿ ಹೋಗುವ ಫೋನು, ಕೂಗಿ ಕರೆಯುವ ಟವರು

(ತುಮಕೂರಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ಅಂಟಿಸಿರುವ ಕರಪತ್ರ ನೋಡಿದೆ. ಈ ಮಾತಿಗೆ 'ನಿಮ್ಮ ಮೊಬೈಲ್ ನಿಮ್ಮ ಬೆನ್ನು ಹತ್ತಿದೆ' ಅಂತ ಹೆಸರಿಟ್ಟಿದ್ದಾರೆ. ಜನ ಸೇರಲಿ ಅಂತ ಇಟ್ಟದ್ದು, ಸೇರಿದ್ದೀರಿ, ಸಂತೋಷ. ಆದರೆ ಆ ಹೆಸರು ಅರ್ಧ ಸುಳ್ಳು. ನಿಮ್ಮ ಬೆನ್ನು ಹತ್ತಿ ಓಡಾಡುವಷ್ಟು ಪುರುಸೊತ್ತು ಮೊಬೈಲ್ ನೆಟ್‌ವರ್ಕಿಗೆ ಇಲ್ಲ. ದಿನದ ಬಹುಪಾಲು ಹೊತ್ತು ನೀವು ಸರಿಯಾಗಿ ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಗೊತ್ತು ಮಾಡಿಕೊಳ್ಳುವುದೂ ಇಲ್ಲ, ಬೇಕೆಂದೇ. ಎಷ್ಟು ಕಡಿಮೆ ತಿಳಿದಿದ್ದರೆ ಕೆಲಸ ಸಾಗುತ್ತದೆ ಅನ್ನುವ ಜಿಪುಣ ಲೆಕ್ಕವೇ ಈ ವಿದ್ಯೆಯ ತಿರುಳು. ಇವತ್ತು ಆ ಜಿಪುಣತನದ ಬಗ್ಗೆ ಮಾತಾಡುತ್ತೇನೆ.

ಸಿದ್ಧಗಂಗೆ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಜೊತೆಗೆ ಒಬ್ಬ ಹತ್ತು ವರ್ಷದ ಹುಡುಗ. ಅವನನ್ನು ಕಳೆದುಕೊಳ್ಳದೆ ಇರಲು ಎರಡು ದಾರಿ. ಹತ್ತು ಹೆಜ್ಜೆಗೊಮ್ಮೆ ಓಡಿ ಬಂದು 'ಇಲ್ಲಿದ್ದೀನಿ' ಅಂತ ಹೇಳಿ ಹೋಗಬೇಕು. ಇಲ್ಲವೇ ಏನೂ ಹೇಳದೆ ಹೋಗಲಿ, ಬೇಕಾದಾಗ ಮೈಕಿನಲ್ಲಿ ಇಡೀ ಜಾತ್ರೆಗೆ ಕೇಳುವಂತೆ ಕೂಗಿಸಬೇಕು. ಮೊದಲನೆಯದರಲ್ಲಿ ಹುಡುಗನಿಗೆ ಕಾಲು ನೋವು. ಎರಡನೆಯದರಲ್ಲಿ ಎಲ್ಲ ಮನೆಯವರೂ ಹಾಗೇ ಮಾಡಿದರೆ ಮೈಕಿಗೆ ಬಿಡುವಿಲ್ಲ, ಯಾರ ಹೆಸರೂ ಯಾರಿಗೂ ಕೇಳುವುದಿಲ್ಲ. ಬುದ್ಧಿವಂತ ಮನೆಯವರು ಏನು ಮಾಡುತ್ತಾರೆ? 'ದನದ ಪರಿಷೆ ಬಿಟ್ಟು ಅಂಗಡಿ ಸಾಲಿನ ಕಡೆ ಹೋಗೋದಾದರೆ ಮಾತ್ರ ಹೇಳಿ ಹೋಗು' ಅನ್ನುತ್ತಾರೆ. ಪರಿಷೆಯೊಳಗೆ ಅವನು ಎಲ್ಲಾದರೂ ಇರಲಿ. ಬೇಕಾದಾಗ ಪರಿಷೆಯ ಮೈಕಿನಲ್ಲಷ್ಟೇ ಕೂಗಿಸಿದರೆ ಆಯಿತು.

ನಿಮ್ಮ ಜೇಬಿನ ಫೋನು ಮಾಡುವುದೂ ಇದನ್ನೇ. ಅಕ್ಕಪಕ್ಕದ ಹತ್ತಾರು ಟವರ್‌ಗಳನ್ನು ಸೇರಿಸಿ ಒಂದು ಪ್ರದೇಶ ಅಂತ ಮಾಡಿರುತ್ತಾರೆ. 2ಜಿಯಲ್ಲಿ ಇದಕ್ಕೆ ಲೊಕೇಶನ್ ಏರಿಯಾ ಅಂತಲೂ 4ಜಿ, 5ಜಿಯಲ್ಲಿ ಟ್ರ್ಯಾಕಿಂಗ್ ಏರಿಯಾ ಅಂತಲೂ ಹೆಸರು. ಪ್ರತಿ ಟವರೂ ತನ್ನ ಪ್ರದೇಶದ ನಂಬರನ್ನು ಸದಾ ಸಾರುತ್ತಿರುತ್ತದೆ. ಫೋನು ಆ ನಂಬರನ್ನು ಓದಿಕೊಳ್ಳುತ್ತದೆ. ಹಳೆಯದೇ ಇದ್ದರೆ ತೆಪ್ಪಗಿರುತ್ತದೆ. ನೀವು ಬಿ.ಎಚ್. ರಸ್ತೆಯಲ್ಲಿ ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿದರೂ ಅದು ತುಟಿ ಬಿಚ್ಚುವುದಿಲ್ಲ. ನಂಬರು ಬದಲಾಯಿತೋ, ಆಗ 'ನಾನು ಈ ಕಡೆ ಬಂದೆ' ಅಂತ ಒಂದು ಸಂದೇಶ ಕಳಿಸುತ್ತದೆ. ಇದು ಹೇಳಿ ಹೋಗುವುದು. ನಿಮಗೆ ಕರೆ ಬಂದಾಗ ಆ ಪ್ರದೇಶದ ಟವರ್‌ಗಳು ನಿಮ್ಮನ್ನು ಕೂಗುತ್ತವೆ. ಇದಕ್ಕೆ ಪೇಜಿಂಗ್ ಅನ್ನುತ್ತಾರೆ. ಈಗಿನ ಎಷ್ಟೋ ಜಾಲಗಳಲ್ಲಿ ಮೊದಲು ನೀವು ಕೊನೆಗೆ ಕಂಡ ಟವರಿನ ಸುತ್ತ ಮೆಲ್ಲಗೆ ಕೂಗಿ, ಉತ್ತರ ಬಾರದಿದ್ದರೆ ಇಡೀ ಪ್ರದೇಶಕ್ಕೆ ಕೂಗುತ್ತಾರೆ. ಕೂಗುವುದೂ ನಿಮ್ಮ ನಿಜವಾದ ಗುರುತಿನಿಂದಲ್ಲ. ಜಾಲವೇ ಕೊಟ್ಟ ಒಂದು ತಾತ್ಕಾಲಿಕ ಟೋಕನ್ ನಂಬರಿನಿಂದ. ಆಚೆ ನಿಂತು ಕದ್ದು ಕೇಳುವವನಿಗೆ ಯಾರನ್ನು ಕರೆಯುತ್ತಿದ್ದಾರೆ ಅಂತ ತಿಳಿಯಬಾರದು, ಅದಕ್ಕೆ.

ಕೂಗಿದರೆ ಫೋನಿಗೆ ಕೇಳಿಸಬೇಕಲ್ಲ, ಅದು ಸದಾ ಕಿವಿ ತೆರೆದಿರುತ್ತದಾ? ಇಲ್ಲ, ನಿದ್ದೆ ಮಾಡುತ್ತಿರುತ್ತದೆ. 4ಜಿಯಲ್ಲಿ ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ ಎದ್ದು, ಕೆಲವೇ ಮಿಲಿಸೆಕೆಂಡು ಆಲಿಸಿ, ತನ್ನ ನಂಬರು ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಯಾವಾಗ ಏಳುತ್ತದೆ ಅಂತ ಜಾಲಕ್ಕೂ ಗೊತ್ತಿರುವುದರಿಂದ ಸರಿಯಾಗಿ ಆ ಗಳಿಗೆಗೇ ಕೂಗುತ್ತದೆ. ನಿಮ್ಮ ಬ್ಯಾಟರಿ ಸಂಜೆವರೆಗೆ ಬರುವುದರಲ್ಲಿ ಈ ಕೋಳಿನಿದ್ದೆಯ ಪಾಲು ದೊಡ್ಡದು.

ಪ್ರದೇಶವನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವುದು ಈ ಕೆಲಸ ಮಾಡುವವರ ನಿತ್ಯದ ಜಗಳ. ದೊಡ್ಡದಾದರೆ ಹೇಳಿ ಹೋಗುವ ಸಂದೇಶಗಳು ಕಡಿಮೆ, ಕೂಗಾಟ ಜಾಸ್ತಿ. ಚಿಕ್ಕದಾದರೆ ಉಲ್ಟಾ. ಗಡಿ ಎಲ್ಲಿ ಬೀಳುತ್ತದೆ ಅನ್ನುವುದು ಅದಕ್ಕಿಂತ ಕಷ್ಟ, ಅದು ಈ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಯಾಕೆಂದರೆ ನಿಮ್ಮಲ್ಲಿ ಅರ್ಧ ಜನ ನಾಳೆ ಬೆಳಿಗ್ಗೆ ಬೆಂಗಳೂರಿನ ರೈಲಿನಲ್ಲಿ ನಿಂತಿರುತ್ತೀರಿ.

ರೈಲು ಕ್ಯಾತ್ಸಂದ್ರ, ಹಿರೇಹಳ್ಳಿ ದಾಟಿ ದಾಬಸ್‌ಪೇಟೆ ಕಡೆ ಹೊರಟಿದೆ. ಹಳಿಯ ಮೇಲೆ ಎಲ್ಲೋ ಒಂದು ಪ್ರದೇಶದ ಗಡಿ ಬಿದ್ದಿದೆ ಅಂತಿಟ್ಟುಕೊಳ್ಳಿ. ಬೋಗಿಗಳ ತುಂಬ ಜನ, ಒಬ್ಬೊಬ್ಬರ ಹತ್ತಿರ ಒಂದೋ ಎರಡೋ ಸಿಮ್. ಯಾರೂ ಕರೆ ಮಾಡುತ್ತಿಲ್ಲ, ಅರ್ಧ ಜನ ತೂಕಡಿಸುತ್ತಿದ್ದಾರೆ. ಆದರೂ ಗಡಿ ದಾಟಿದ ಕೆಲವೇ ಸೆಕೆಂಡುಗಳಲ್ಲಿ ನೂರಾರು ಫೋನುಗಳು ಒಟ್ಟಿಗೇ 'ನಾನು ಬಂದೆ, ನಾನು ಬಂದೆ' ಅಂತ ಎರಗುತ್ತವೆ. ಹೊಲದ ನಡುವೆ ನಿಂತ ಬಡಪಾಯಿ ಟವರಿಗೆ ಅಷ್ಟು ಜನರ ಹಾಜರಿ ಒಮ್ಮೆಲೇ ಹಾಕಲಾಗದು. ಒಂದಷ್ಟು ಫೋನುಗಳ ಸಂದೇಶ ಒಂದಕ್ಕೊಂದು ಡಿಕ್ಕಿ ಹೊಡೆದು ಹಾಳಾಗುತ್ತದೆ, ಅವು ಮತ್ತೆ ಕಳಿಸುತ್ತವೆ, ಗದ್ದಲ ಇನ್ನಷ್ಟು ಏರುತ್ತದೆ. ಆ ಹೊತ್ತಿನಲ್ಲಿ ನಿಮಗೆ ಯಾರಾದರೂ ಕರೆ ಮಾಡಿದರೆ, ಹಳೆಯ ಪ್ರದೇಶದಲ್ಲಿ ಕೂಗುತ್ತಿರುತ್ತಾರೆ, ನೀವು ಹೊಸದರಲ್ಲಿರುತ್ತೀರಿ. ಆಮೇಲೆ ಮನೆಯಲ್ಲಿ 'ರಿಂಗೇ ಆಗಲಿಲ್ಲ' ಅಂದರೆ ಹೆಂಡತಿ ನಂಬುವುದಿಲ್ಲ. ಅದು ನಿಜವೂ ಆಗಿರಬಹುದು ಅಂತ ನಾನು ಸಾಕ್ಷಿ ಹೇಳುತ್ತೇನೆ.

2ಜಿಯಲ್ಲಿ ಇದಕ್ಕೆ ಇದ್ದ ಮದ್ದು ಒಂದೇ: ಗಡಿಯನ್ನು ಹಳಿಯಿಂದ, ಹೆದ್ದಾರಿಯಿಂದ, ಪೇಟೆಯಿಂದ ಆದಷ್ಟು ದೂರ ತಳ್ಳುವುದು. 4ಜಿ ಮಾಡಿದವರು ಇನ್ನೂ ಚೆಂದದ ಉಪಾಯ ಹೂಡಿದರು. ಒಂದೇ ಪ್ರದೇಶದ ಬದಲು ಪ್ರತಿ ಫೋನಿಗೂ ಒಂದು ಪಟ್ಟಿ ಕೊಡುತ್ತಾರೆ, ಅದರಲ್ಲಿ 16 ಪ್ರದೇಶಗಳವರೆಗೆ ಇರಬಹುದು. 'ಈ ಪಟ್ಟಿಯೊಳಗೆ ಎಲ್ಲಿ ಬೇಕಾದರೂ ಓಡಾಡು, ಆಚೆ ಹೋದರೆ ಮಾತ್ರ ಹೇಳು.' ಪಕ್ಕದ ಸೀಟಿನವರ ಪಟ್ಟಿ ನಿಮ್ಮದಕ್ಕಿಂತ ಬೇರೆ ಇರಬಹುದು. ಹಾಗಾಗಿ ಒಬ್ಬರ ಗಡಿ ದಾಬಸ್‌ಪೇಟೆಯಲ್ಲಿ, ಇನ್ನೊಬ್ಬರದು ಮುಂದಿನ ಸ್ಟೇಷನ್ನಿನಲ್ಲಿ. ಗಡಿಯನ್ನು ನೆಲದಿಂದ ಕಿತ್ತು ಫೋನಿನೊಳಗೆ ಇಟ್ಟರು. ನನ್ನನ್ನು ಕೇಳಿದರೆ, 4ಜಿಯಲ್ಲಿ ವೇಗಕ್ಕಿಂತ ಹೊಗಳಬೇಕಾದ ಸಂಗತಿ ಇದು.

ಇನ್ನು ಪಾವಗಡದ ಕಡೆಯವರು ಯಾರಾದರೂ ಇದ್ದೀರಾ? ಕೈ ಎತ್ತಿದಿರಿ, ಸರಿ. ಮೂರು ದಿಕ್ಕೂ ಆಂಧ್ರ ಸುತ್ತುವರಿದ ತಾಲ್ಲೂಕು. ಅಲ್ಲಿ ಗಡಿ ಹಳ್ಳಿಯೊಂದರಲ್ಲಿ ನೆಂಟರ ಮನೆ ಇದೆ ನನಗೆ. ಪಡಸಾಲೆಯಲ್ಲಿ ಫೋನು ಕರ್ನಾಟಕದ್ದು, ಅಡುಗೆಮನೆಗೆ ಹೋದರೆ ಆಂಧ್ರದ್ದು. ನೀರು ಕುಡಿದು ಬರುವಷ್ಟರಲ್ಲಿ ಸ್ವಾಗತದ ಮೆಸೇಜು. ರೋಮಿಂಗಿಗೆ ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಆ ಮನೆಯವರು ಫೋನನ್ನು ಬೀದಿ ಕಡೆಯ ಕಿಟಕಿಯಲ್ಲೇ ಇಡುತ್ತಿದ್ದರು. ಹೀಗೆ ಎರಡು ಪ್ರದೇಶಗಳ ಅಂಚಿನಲ್ಲಿರುವ ಫೋನು ಕೂತಲ್ಲೇ ಆ ಕಡೆಗೂ ಈ ಕಡೆಗೂ ಹಾಜರಿ ಹಾಕಿಸಿಕೊಂಡು ಬ್ಯಾಟರಿ ಸುಟ್ಟುಕೊಳ್ಳುತ್ತದೆ. ಇದನ್ನು ಪಿಂಗ್‌ಪಾಂಗ್ ಅನ್ನುತ್ತಾರೆ. ಹೊಸ ಟವರಿನ ಸಿಗ್ನಲ್ ಹಳೆಯದಕ್ಕಿಂತ ಇಷ್ಟು ಹೆಚ್ಚಿದ್ದರೆ ಮಾತ್ರ ಹಾರು ಅಂತ ಫೋನಿಗೆ ಕಟ್ಟು ಹಾಕಿ ಇದನ್ನು ತಗ್ಗಿಸುತ್ತಾರೆ.

ಆ ಅಡುಗೆಮನೆಯಲ್ಲಿದ್ದಾಗ ತುಮಕೂರಿನಿಂದ ಕರೆ ಮಾಡಿದರೆ ಹೇಗೆ ಸಿಗುತ್ತದೆ? ತವರಿನ ಖಾತೆಯಿಂದ. ನಿಮ್ಮ ಸಿಮ್ ಹುಟ್ಟಿದ ಜಾಲದಲ್ಲಿ ಎಚ್‌ಎಲ್‌ಆರ್ ಅಂತ ಒಂದು ದೊಡ್ಡ ದಾಖಲೆ, ನೀವು ಹೋದ ಕಡೆ ವಿಎಲ್‌ಆರ್ ಅಂತ ಅತಿಥಿಗಳ ದಾಖಲೆ. ಮಗಳು ಯಾವ ಊರಲ್ಲಿದ್ದಾಳೆ ಅಂತ ತವರಿಗೆ ಗೊತ್ತು. ಯಾವ ಕೋಣೆಯಲ್ಲಿದ್ದಾಳೆ ಅಂತ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕರೆ ಬಂದಾಗ ತವರಿನವರು ಅತಿಥಿ ಖಾತೆಯವರನ್ನು ಕೇಳುತ್ತಾರೆ, ಅವರು ಒಂದು ತಾತ್ಕಾಲಿಕ ನಂಬರು ಕೊಡುತ್ತಾರೆ, ಕರೆ ಆ ದಾರಿ ಹಿಡಿದು ಹೋಗುತ್ತದೆ. 4ಜಿ, 5ಜಿಯಲ್ಲಿ ಖಾತೆಗಳ ಹೆಸರು ಬದಲಾಗಿದೆ, ಸಂಬಂಧ ಅದೇ.

ಫೋನು ಪ್ರದೇಶ ಬದಲಿಸದೆ ಸುಮ್ಮನೆ ಬಿದ್ದಿದ್ದರೆ, ಅದು ಬದುಕಿದೆಯೋ ಬಾವಿಗೆ ಬಿದ್ದಿದೆಯೋ ಹೇಗೆ ತಿಳಿಯಬೇಕು? ಅದಕ್ಕೆ ಆಗಾಗ 'ಇದ್ದೀನಿ' ಅನ್ನಲೇಬೇಕೆಂಬ ಗಡುವು ಇದೆ. 4ಜಿಯಲ್ಲಿ, ಜಾಲ ಬೇರೆ ಹೇಳದಿದ್ದರೆ, 54 ನಿಮಿಷ. ಗಡುವು ಮೀರಿಯೂ ಸದ್ದಿಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ನೀವೇ ಸ್ವಿಚ್ ಆಫ್ ಮಾಡಿದರೆ ಫೋನು ಸಾಯುವ ಮುಂಚೆ 'ಹೋಗಿ ಬರ್ತೀನಿ' ಅಂತ ಒಂದು ಸಂದೇಶ ಕಳಿಸುತ್ತದೆ. ಹಾಗಾಗಿ ಸಾಮಾನ್ಯವಾಗಿ 'ಸ್ವಿಚ್ ಆಫ್ ಆಗಿದೆ' ಅಂತ ಆ ಹೆಣ್ಣುಧ್ವನಿ ಹೇಳಿದರೆ ಹೇಳಿ ಹೋದದ್ದು, 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂದರೆ ಹೇಳದೆ ಹೋದದ್ದು. ಸಾಲ ಕೊಟ್ಟವರಿಗೆ ಈ ವ್ಯತ್ಯಾಸ ಉಪಯೋಗಕ್ಕೆ ಬರಬಹುದು.

ಪತ್ರಿಕೆಗಳಲ್ಲಿ ಬರುವ 'ಟವರ್ ಲೊಕೇಶನ್' ಅನ್ನುವ ಮಾತಿಗೆ ಬರುತ್ತೇನೆ. ಕರೆಯ ನಡುವೆ ಇದ್ದಾಗ ನೀವು ಯಾವ ಟವರಿನ ಯಾವ ದಿಕ್ಕಿನ ಆಂಟೆನಾದಲ್ಲಿದ್ದೀರಿ ಅಂತ ಜಾಲಕ್ಕೆ ಗೊತ್ತು, ಇಲ್ಲದಿದ್ದರೆ ಮಾತು ತುಂಡಾಗದಂತೆ ಮುಂದಿನ ಟವರಿಗೆ ದಾಟಿಸಲು ಆಗುವುದಿಲ್ಲ. ಒಂದು ಟವರಿಗೆ ಸಾಮಾನ್ಯವಾಗಿ ಮೂರು ದಿಕ್ಕು. ಎಷ್ಟು ದೂರ ಅನ್ನುವುದೂ ಒಂದಿಷ್ಟು ಗೊತ್ತು: ನಿಮ್ಮ ಸಂದೇಶ ಸರಿಯಾದ ಹೊತ್ತಿಗೆ ತಲುಪಲು ಎಷ್ಟು ಮುಂಚೆ ಹೊರಡಬೇಕು ಅಂತ ಟವರು ಹೇಳುತ್ತದೆ. 2ಜಿಯಲ್ಲಿ ಈ ಅಳತೆಯ ಒಂದು ಮೆಟ್ಟಿಲು ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78 ಮೀಟರ್. ದಿಕ್ಕನ್ನೂ ದೂರವನ್ನೂ ಸೇರಿಸಿ ನಕ್ಷೆಯಲ್ಲಿ ಬರೆದರೆ ಬರುವುದು ಚುಕ್ಕೆಯಲ್ಲ, ಒಡೆದ ಬಳೆಯ ಚೂರಿನಂಥ ಒಂದು ಪಟ್ಟಿ. ಅದೂ ಆ ಅಳತೆಯನ್ನು ಯಾರಾದರೂ ಉಳಿಸಿಟ್ಟಿದ್ದರೆ. ಕರೆಗಳ ದಾಖಲೆಯಲ್ಲಿ ಸಾಮಾನ್ಯವಾಗಿ ಸಿಗುವುದು ಬರೀ ಆಂಟೆನಾದ ನಂಬರು.

ಹತ್ತಿರದ ಟವರೇ ಆಗಿರಬೇಕು ಅಂತಲೂ ಇಲ್ಲ. ದೇವರಾಯನದುರ್ಗದ ಮೇಲೆ ಯೋಗನರಸಿಂಹನ ಗುಡಿ ಹತ್ತಿರ ನಿಂತು ನೋಡಿ. ಬೆಟ್ಟದ ಬುಡದ ಟವರಿನ ಆಂಟೆನಾ ಕೆಳಗಿನ ಊರಿನ ಕಡೆ ಬಾಗಿರುತ್ತದೆ. ನಿಮ್ಮ ನೆತ್ತಿಗೆ ಅದರ ಸಿಗ್ನಲ್ ಸರಿಯಾಗಿ ಬರದು. ದೂರದ ಬಯಲಿನ ಯಾವುದೋ ಟವರು ಅಡ್ಡಿಯಿಲ್ಲದೆ ನೇರ ಕಾಣುತ್ತದೆ, ಫೋನು ಅದನ್ನೇ ಹಿಡಿಯುತ್ತದೆ. ನೀವು ಕೈ ಮುಗಿದು ನಿಂತಿದ್ದ ಹೊತ್ತಿಗೆ ದಾಖಲೆಯಲ್ಲಿ ಕಂಡರಿಯದ ಊರಲ್ಲಿರುತ್ತೀರಿ. 'ಟವರ್ ಲೊಕೇಶನ್ ಸಿಕ್ಕಿತು, ಆರೋಪಿ ಅಲ್ಲೇ ಇದ್ದ' ಅಂತ ಓದಿದಾಗ ನನಗೆ ಈ ಬೆಟ್ಟ ನೆನಪಾಗುತ್ತದೆ.

ಶೀರ್ಷಿಕೆ ಅರ್ಧ ಸುಳ್ಳು ಅಂದೆನಲ್ಲ, ಉಳಿದರ್ಧ ನಿಜ. ಜಾಲಕ್ಕೆ ಮಸುಕಾಗಿ ಗೊತ್ತಿರುವುದು ಫೋನಿಗೆ ಸ್ಪಷ್ಟವಾಗಿ ಗೊತ್ತು. ಸ್ಯಾಟಲೈಟು ಮೇಲಿನಿಂದ ನೋಡುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಸುಮಾರು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಕ್ಕೆ ನೀವು ಇರುವುದೇ ಗೊತ್ತಿಲ್ಲ. ಅದು ರೇಡಿಯೋ ಕೇಂದ್ರದ ಹಾಗೆ ತನ್ನ ಗಂಟೆ ಎಷ್ಟು, ತಾನೆಲ್ಲಿದ್ದೇನೆ ಅಂತ ಸಾರುತ್ತ ಹೋಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು ನಿಮ್ಮ ಫೋನೇ ಲೆಕ್ಕ ಹಾಕುತ್ತದೆ, ಬಯಲಿನಲ್ಲಿ ಕೆಲವು ಮೀಟರುಗಳ ಅಂತರಕ್ಕೆ. ಸಿಮ್ ಇಲ್ಲದಿದ್ದರೂ ಹಾಕುತ್ತದೆ. ಆ ಉತ್ತರವನ್ನು ನೀವು 'ಅಲೌ', ಅಂದರೆ ಅನುಮತಿ ಇದೆ, ಅಂತ ಒತ್ತಿದ ಆ್ಯಪಿಗೆ ಕೊಡುತ್ತದೆ. ಟಾರ್ಚ್ ಆ್ಯಪಿಗೆ ನೀವು ಎಲ್ಲಿದ್ದೀರಿ ಅಂತ ಯಾಕೆ ಬೇಕು? ಕತ್ತಲು ಎಲ್ಲ ಕಡೆ ಒಂದೇ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರ ಜುಲೈ 8ರಂದು ಅದೇ ಕೋರ್ಟು ಇನ್ನೊಂದು ಮಾತು ಹೇಳಿತು: ಜಾಮೀನು ಪಡೆದವನು ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ತಾನಿರುವ ಜಾಗ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕು ಅನ್ನುವ ಷರತ್ತು ಸಲ್ಲದು. ಆ ವಿಚಾರಣೆಯಲ್ಲಿ ಹೊರಬಂದ ಸ್ವಾರಸ್ಯ ಏನೆಂದರೆ, ಹಾಗೆ ಪಿನ್ ಹಾಕಿದರೆ ಮನುಷ್ಯ ಓಡಾಡುವುದು ಕಾಣುವುದೇ ಇಲ್ಲ. ಪಿನ್ ಹಾಕಿದಲ್ಲೇ ಇರುತ್ತದೆ. ಕೆಳಗಿನ ಕೋರ್ಟು ಕೊಟ್ಟದ್ದು ಕಾವಲುಗಾರ ಅಂತ ತಿಳಿದು ಬೆರ್ಚಪ್ಪನನ್ನು.

ಪಾವಗಡದವರು ಆಗಿನಿಂದ ಗಡಿಯಾರ ನೋಡುತ್ತಿದ್ದಾರೆ, ಕೊನೆಯ ಬಸ್ಸಿನ ಚಿಂತೆ ಇರಬೇಕು. ಮೊದಲ ಪ್ರಶ್ನೆ ಅವರದೇ ಆಗಲಿ.