ಇಲ್ಲದ ಶಟರಿನ ಸದ್ದು

ಫೋನಲ್ಲಿ ಫೋಟೋ ತೆಗೆದಾಗ ‘ಕ್ಲಿಕ್’ ಅನ್ನುತ್ತಲ್ಲ, ಅದು ಯಾವ ಶಟರಿನದ್ದೂ ಅಲ್ಲ, ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದು. ಶುದ್ಧ ಸುಳ್ಳು. ಆದ್ರೂ ನನಗೆ ಅದು ಬೇಕು. ಎದುರಿಗೆ ಹಲ್ಲು ಕಿರಿದು ನಿಂತವರಿಗೆ ‘ಆಯ್ತು, ಇನ್ನು ಉಸಿರು ಬಿಡಿ’ ಅಂತ ಹೇಳೋದು ಅದೊಂದೇ.

ಹಳೇ ವಸ್ತುಗಳ ವೇಷ ಹಾಕೋ ಈ ವಿನ್ಯಾಸಕ್ಕೆ ಸ್ಕ್ಯೂಮಾರ್ಫಿಸಂ ಅಂತ ನಾಲಿಗೆ ಹೊರಳದ ಹೆಸರಿದೆ. ಸೇವ್ ಬಟನ್ನಿನ ಮೇಲೆ ಹಳೇ ಫ್ಲಾಪಿ ಡಿಸ್ಕಿನ ಚಿತ್ರ ಇರೋ ಕಥೆ ಕೇಳಿ ಕೇಳಿ ನಿಮಗೂ ಸಾಕಾಗಿರುತ್ತೆ, ಬಿಡಿ. ನನ್ನ ತಕರಾರು ವೇಷದ ಮೇಲಲ್ಲ. ಹಳೇ ವಸ್ತುವಿನ ಜೊತೆ ಅದರ ಕಷ್ಟವನ್ನೂ ಹೊತ್ತು ತರ್ತಾರಲ್ಲ, ಅದರ ಮೇಲೆ.

1999ರಲ್ಲಿ ಕಂಪ್ಯೂಟರಲ್ಲಿ ವಿಡಿಯೋ ನೋಡೋಕೆ ಆಪಲ್‌ನ ಕ್ವಿಕ್‌ಟೈಮ್ 4 ಪ್ಲೇಯರ್ ಬಂತು. ನೋಡೋಕೆ ಉಜ್ಜಿದ ಲೋಹದ ಪೆಟ್ಟಿಗೆ. ವಾಲ್ಯೂಮಿಗೆ ಅಂಚಲ್ಲೊಂದು ಪುಟ್ಟ ಗಾಲಿ, ಪಾಕೆಟ್ ರೇಡಿಯೋಗಳಲ್ಲಿ ಹೆಬ್ಬೆರಳಲ್ಲಿ ತಿರುಗಿಸ್ತಿದ್ವಲ್ಲ, ಅಂಥದ್ದು. ರೇಡಿಯೋದಲ್ಲಿ ಅದು ಸೊಗಸು. ಜೇಬಿಂದ ತೆಗೀಲೇಬೇಕಿಲ್ಲ, ಗಾಲಿಯ ಗೀರು ಬೆರಳಿಗೇ ಸಿಗುತ್ತೆ. ಪರದೆ ಮೇಲೆ ಗೀರೂ ಇಲ್ಲ, ಬೆರಳೂ ಇಲ್ಲ. ಮೌಸ್ ಒತ್ತಿ ಹಿಡಿದು ಎಳೀಬೇಕು, ಬಿಡಬೇಕು, ಮತ್ತೆ ಹಿಂದಕ್ಕೆ ಬಂದು ಮತ್ತೆ ಎಳೀಬೇಕು. ಒಂದು ಸಾದಾ ಸ್ಲೈಡರ್ ಇಟ್ಟಿದ್ರೆ ಒಂದೇ ಎಳೆತಕ್ಕೆ ಮುಗೀತಿತ್ತು! ಪುಟ್ಟ ರೇಡಿಯೋದಲ್ಲಿ ಗಾಲಿಯ ಅಂಚಷ್ಟೇ ಹೊರಗಿದ್ರೆ ಜಾಗ ಉಳೀತಿತ್ತು, ಸರಿ. ಪರದೆಗೆ ಯಾವ ಇಕ್ಕಟ್ಟು ಬಂದಿತ್ತು?

2013ರಲ್ಲಿ ಐಫೋನಿನ ಸಾಫ್ಟ್‌ವೇರ್ ಐಒಎಸ್ 7 ಬಂದಾಗ ಅದೇ ಆಪಲ್ ಇನ್ನೊಂದು ತುದಿಗೆ ಹೋಯ್ತು. ಪರದೆ ಮೇಲೆ ಬಿಡಿಸಿದ್ದ ಪುಸ್ತಕದ ಮರದ ಕಪಾಟು, ಚರ್ಮ, ಹೊಲಿಗೆ ಎಲ್ಲ ಮಾಯ. ಹೋಗಲಿ, ಹೊಲಿಗೆಯಿಂದ ಯಾರಿಗೆ ಏನಾಗಬೇಕಿತ್ತು? ಆದರೆ ಅದರ ಜೊತೆಗೇ ಬಟನ್ನಿನ ಅಂಚೂ ಹೋಯ್ತು. ಉಳಿದದ್ದು ಬಣ್ಣದ ಒಂದು ಪದ. ಅದನ್ನ ಓದಬೇಕೋ ಒತ್ತಬೇಕೋ? ಮರುವರ್ಷ 7.1ರಲ್ಲಿ ‘ಬಟನ್ ಶೇಪ್ಸ್’ ಅಂತ ಒಂದು ಸೆಟ್ಟಿಂಗ್ ಕೊಟ್ರು. ಬೇಕಾದವರು ಆನ್ ಮಾಡ್ಕೊಂಡ್ರೆ ಬಟನ್, ಬಟನ್ ಥರ ಕಾಣುತ್ತೆ!

ಈ ಮಾತನ್ನ ರೆಕಾರ್ಡ್ ಮಾಡ್ತಿರೋ ಸಾಫ್ಟ್‌ವೇರಲ್ಲೂ ದನಿ ಏರಿಸೋ ಇಳಿಸೋ ಒಂದು ದುಂಡನೆ ನಾಬ್ ಇದೆ. ಅದರ ಗೆರೆ ಎಲ್ಲಿಗೆ ನಿಂತಿದೆ ಅಂತ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ರೂ ಕಾಣುತ್ತೆ, ಸಂತೋಷ. ಆದರೆ ದುಂಡಗೆ ಸುತ್ತಿಸಿದ್ರೆ ಹಿಂದೆ ಮುಂದೆ ಒದ್ದಾಡುತ್ತೆ, ನೆಟ್ಟಗೆ ಮೇಲಕ್ಕೆ ಎಳೀಬೇಕಂತೆ. ಅದು ಗೊತ್ತಾಗೋಷ್ಟರಲ್ಲಿ ನನ್ನ ಎರಡು ರೆಕಾರ್ಡಿಂಗ್ ಕಿರುಚಿ ಕಿರುಚಿ ಹಾಳಾಗಿದ್ವು.