ನೆಟ್ ಹೋದ ಆ ಭಾನುವಾರ

ಕೇಳುಗರೇ, ನಮಸ್ಕಾರ.

ಚದುರಂಗದ ಬಗ್ಗೆ ಬಾನುಲಿಯಲ್ಲಿ ಏನು ಮಾತಾಡುವುದು, ಅದು ಕಣ್ಣಿನ ಆಟವಲ್ಲವೇ ಎಂದು ನಿಮಗೆ ಅನ್ನಿಸಬಹುದು. ಆದರೆ 1945ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಮಹಾಯುದ್ಧ ಮುಗಿದ ದಿನಗಳಲ್ಲೇ, ಅಮೆರಿಕ ಮತ್ತು ಸೋವಿಯತ್ ತಂಡಗಳು ರೇಡಿಯೋದಲ್ಲೇ ಚದುರಂಗ ಆಡಿದ್ದವು. ಆ ಕಡೆ ಹತ್ತು ಜನ, ಈ ಕಡೆ ಹತ್ತು ಜನ. ಒಂದೊಂದು ನಡೆಯೂ ಸಂಕೇತಾಕ್ಷರವಾಗಿ ಸಾಗರ ದಾಟಿ ಹೋಗಬೇಕು, ಉತ್ತರ ಬರುವ ತನಕ ಕಾಯಬೇಕು. ಸೋವಿಯತ್ ತಂಡ 15.5–4.5 ಅಂಕಗಳಿಂದ ಗೆದ್ದಿತು. ಎದುರಾಳಿಯ ಮುಖ ಕಾಣದೆ ದೇಶಕ್ಕೆ ದೇಶ ಎದುರು ಕೂತು ಆಡುವುದು ಹೊಸದೇನಲ್ಲ ಎಂದು ಹೇಳಲಿಕ್ಕೆ ಇದನ್ನು ನೆನಪಿಸಿದೆ. ನಾನಿವತ್ತು ಹೇಳಬೇಕೆಂದಿರುವುದು ಅದಾಗಿ 75 ವರ್ಷದ ಮೇಲೆ ನಡೆದ ಸಂಗತಿ. 2020ರ ಜುಲೈ ಕೊನೆಯಿಂದ ಆಗಸ್ಟ್ 30ರವರೆಗೆ ನಡೆದ ಫಿಡೆ ಆನ್‌ಲೈನ್ ಒಲಿಂಪಿಯಾಡ್. ಫಿಡೆ ಎಂದರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ, ಒಲಿಂಪಿಯಾಡ್ ಎಂದರೆ ದೇಶ ದೇಶಗಳ ತಂಡಗಳು ಸೇರಿ ಆಡುವ ಚದುರಂಗದ ಕೂಟ.

ಆ ವರ್ಷ ಒಲಿಂಪಿಯಾಡ್ ರಷ್ಯಾದಲ್ಲಿ ನಡೆಯಬೇಕಿತ್ತು. ಕೊರೊನಾ ಬಂತು, ವಿಮಾನಗಳು ನಿಂತವು, ಕೂಟ ಮುಂದಕ್ಕೆ ಹೋಯಿತು. ಅದರ ಬದಲು, ಎಲ್ಲರೂ ತಂತಮ್ಮ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಚೆಸ್ ಡಾಟ್ ಕಾಮ್‌ನಲ್ಲಿ ಆಡಲಿ ಎಂದು ಫಿಡೆ ತೀರ್ಮಾನಿಸಿತು. 163 ತಂಡಗಳು ಸೇರಿದವು. ಒಬ್ಬರಿಗೆ ಇಡೀ ಆಟಕ್ಕೆ 15 ನಿಮಿಷ, ಪ್ರತಿ ನಡೆಗೂ 5 ಸೆಕೆಂಡು ಹೆಚ್ಚುವರಿ. ಆಟಗಾರರ ಮೇಲೆ ಕ್ಯಾಮೆರಾ ಕಣ್ಣು, ಆ ಕ್ಯಾಮೆರಾದ ಆಚೆ ತೀರ್ಪುಗಾರರು.

ನನಗೆ ತುಂಬ ಹಿಡಿಸಿದ್ದು ತಂಡ ಕಟ್ಟುವ ನಿಯಮ. ಮಾಮೂಲಿ ಒಲಿಂಪಿಯಾಡಿನಲ್ಲಿ ಮುಕ್ತ ವಿಭಾಗ ಬೇರೆ, ಮಹಿಳಾ ವಿಭಾಗ ಬೇರೆ. ಇಲ್ಲಿ ಒಂದೇ ತಂಡ, ಆರು ಮಣೆ. ಎರಡರಲ್ಲಿ ಪುರುಷರು, ಎರಡರಲ್ಲಿ ಮಹಿಳೆಯರು, ಇಪ್ಪತ್ತರೊಳಗಿನ ಹುಡುಗನಿಗೆ ಒಂದು, ಹುಡುಗಿಗೆ ಒಂದು. ವಿಶ್ವನಾಥನ್ ಆನಂದ್ ಗೆದ್ದರೂ ಒಂದೇ ಅಂಕ, ನಾಗಪುರದ 14 ವರ್ಷದ ದಿವ್ಯಾ ದೇಶ್‌ಮುಖ್ ಗೆದ್ದರೂ ಅದೇ ಒಂದು ಅಂಕ. ಎಷ್ಟು ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳಿದ್ದರೂ, ಹೆಣ್ಣುಮಕ್ಕಳಿಗೂ ಎಳೆಯರಿಗೂ ಕಲಿಸದ ದೇಶ ಇಲ್ಲಿ ಗೆಲ್ಲುವಂತಿರಲಿಲ್ಲ.

ಭಾರತದ ನಾಯಕ ನಾಸಿಕದ ವಿದಿತ್ ಗುಜರಾತಿ. ಐದು ಸಲ ವಿಶ್ವ ಚಾಂಪಿಯನ್ ಆದ ಆನಂದ್, ತನಗಿಂತ ಇಪ್ಪತ್ತೈದು ವರ್ಷ ಚಿಕ್ಕವನ ನಾಯಕತ್ವದಲ್ಲಿ ಆಡಿದರು. ಜೊತೆಗೆ ಹರಿಕೃಷ್ಣ, ಕೋನೇರು ಹಂಪಿ, ದ್ರೋಣವಲ್ಲಿ ಹಾರಿಕಾ, ಭಕ್ತಿ ಕುಲಕರ್ಣಿ, ವೈಶಾಲಿ, ವಂತಿಕಾ, ಅರವಿಂದ್ ಚಿದಂಬರಂ, ತ್ರಿಶೂರಿನ ನಿಹಾಲ್ ಸರಿನ್, ಮತ್ತು ಕೂಟ ನಡೆಯುತ್ತಿದ್ದಾಗಲೇ ಹದಿನೈದು ತುಂಬಿದ ಪ್ರಜ್ಞಾನಂದ. ಆಡದ ಉಪನಾಯಕ ಶ್ರೀನಾಥ್ ನಾರಾಯಣನ್. ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಪಕ್ಕದ ಮಣೆಯ ಕಡೆ ಕತ್ತು ತಿರುಗಿಸಿ, ಗೆಳೆಯನ ಆಟ ಹೇಗಿದೆ ನೋಡಿ, ತಾನು ಡ್ರಾ ಮಾಡಿಕೊಳ್ಳಲೋ ಹೋರಾಡಲೋ ಎಂದು ತೀರ್ಮಾನಿಸುವುದು ತಂಡದ ಆಟದ ಅರ್ಧ ಜೀವ. ಒಂದೇ ಸಭಾಂಗಣದ ಆ ಸಾಮೀಪ್ಯ ಇಲ್ಲಿರಲಿಲ್ಲ.

ನಾನು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯವನು. ಮಕ್ಕಳಿಗೆ ಚದುರಂಗ ಹೇಳಿಕೊಡುತ್ತೇನೆ. ಆ ವರ್ಷ ನಮ್ಮ ಕಡೆಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಛತ್ರಿ ಹಿಡಿದು ಗುಡ್ಡ ಹತ್ತುತ್ತಿದ್ದರು. ಎಲ್ಲಿ ಸಿಗ್ನಲ್ ಸಿಗುತ್ತದೋ ಅಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಟಾರ್ಪಾಲು ಕಟ್ಟಿ, ಅದರಡಿಯಲ್ಲಿ ಕೂರುತ್ತಿದ್ದರು. ಆ ಟಾರ್ಪಾಲಿನ ಕೆಳಗೇ ನಾವು ಈ ಆಟಗಳನ್ನು ನೋಡಿದ್ದು. ಮಳೆಯ ಸದ್ದಿಗೆ ವೀಕ್ಷಕ ವಿವರಣೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಒಬ್ಬ ಹುಡುಗ ಫೋನ್ ನೋಡಿ ನಡೆ ಹೇಳುವುದು, ಇನ್ನೊಬ್ಬಳು ಮಣೆಯ ಮೇಲೆ ಕಾಯಿ ನಡೆಸುವುದು, ಉಳಿದವರು ಮುಂದಿನ ನಡೆ ಯಾವುದೆಂದು ವಾದಿಸುವುದು.

ಗುಂಪಿನ ಕೊನೆಯ ಸುತ್ತಿನಲ್ಲಿ ಎದುರಾದದ್ದು ಚೀನಾ. ನಾಲ್ಕು ಮಣೆಗಳಲ್ಲಿ ಡ್ರಾ. ಗೆದ್ದವರು ಇಬ್ಬರೇ, ಇಬ್ಬರೂ ಮಕ್ಕಳು: ಪ್ರಜ್ಞಾನಂದ ಮತ್ತು ದಿವ್ಯಾ. 4–2. ಆರು ಮಣೆಯ ನಿಯಮ ಎಷ್ಟು ಸರಿಯಾದದ್ದು ಎನ್ನಲಿಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಭಾರತ ಗುಂಪಿಗೆ ಮೊದಲಾಗಿ ನೇರವಾಗಿ ಕ್ವಾರ್ಟರ್ ಫೈನಲ್ ಸೇರಿತು.

ಅಲ್ಲಿಂದ ಮುಂದೆ, ಆಡುವವರಿಬ್ಬರ ನಡುವಿನ ಲೈನೇ ಮೂರನೆಯ ಆಟಗಾರನಾಯಿತು.

ಕ್ವಾರ್ಟರ್ ಫೈನಲ್‌ನಲ್ಲಿ ಅರ್ಮೇನಿಯ. ಮೂವತ್ತು ಲಕ್ಷದಷ್ಟು ಜನಸಂಖ್ಯೆಯ ಪುಟ್ಟ ದೇಶ, ಆದರೆ ಶಾಲೆಯಲ್ಲಿ ಚದುರಂಗವನ್ನು ಪಠ್ಯವಾಗಿ ಕಲಿಸುವ ದೇಶ, ಮೂರು ಸಲ ಒಲಿಂಪಿಯಾಡ್ ಗೆದ್ದ ದೇಶ. ಮೊದಲ ಪಂದ್ಯದಲ್ಲಿ ನಿಹಾಲ್ ಎದುರು ಆಡುತ್ತಿದ್ದ ಹೈಕ್ ಮಾರ್ಟಿರೋಸ್ಯಾನ್ ಅವರ ಸಂಪರ್ಕ ಕಡಿಯಿತು, ಆಟ ಸೋತಂತಾಯಿತು. ಭಾರತ 3.5–2.5ರಿಂದ ಗೆದ್ದಿತು. ಅರ್ಮೇನಿಯ ದೂರು ಕೊಟ್ಟಿತು, ಅದು ತಿರಸ್ಕೃತವಾಯಿತು. ಅವರು ಪ್ರತಿಭಟಿಸಿ ಎರಡನೇ ಪಂದ್ಯ ಆಡಲಿಲ್ಲ. ಭಾರತ ಸೆಮಿಫೈನಲ್‌ಗೆ ಹೋಯಿತು. ಟಾರ್ಪಾಲಿನ ಕೆಳಗೆ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಮರುದಿನ ಪೋಲೆಂಡ್. ಮೊದಲ ಪಂದ್ಯ 2–4ರಿಂದ ಸೋಲು. ಎರಡನೆಯದು 4.5–1.5ರಿಂದ ಗೆಲುವು. ಒಂದೊಂದು ಪಂದ್ಯ ಗೆದ್ದದ್ದರಿಂದ, ಉಳಿದದ್ದು ಅರ್ಮಗೆಡಾನ್ ಎಂಬ ಒಂದೇ ಒಂದು ಆಟ. ಅದರಲ್ಲಿ ಬಿಳಿ ಕಾಯಿಗೆ ಹೆಚ್ಚು ಸಮಯ, ಆದರೆ ಡ್ರಾ ಆದರೆ ಕಪ್ಪಿನವರೇ ಗೆದ್ದಂತೆ. ಇಡೀ ತಂಡದ ಭಾರ ಕೋನೇರು ಹಂಪಿಯ ಹೆಗಲಿಗೆ ಬಂತು. ಮಗು ಹುಟ್ಟಿದ ಮೇಲೆ ಆಟದಿಂದ ದೂರವಿದ್ದು, ಮರಳಿ ಬಂದು, 2019ರ ಕೊನೆಯಲ್ಲಿ ಮಾಸ್ಕೋದಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದವರು ಅವರು. ಮೋನಿಕಾ ಸೋಚ್ಕೋ ಎದುರು ಕಪ್ಪು ಕಾಯಿ ಹಿಡಿದರು. ಡ್ರಾ ಸಾಕಿತ್ತು. ಗೆದ್ದೇಬಿಟ್ಟರು.

ಆಗಸ್ಟ್ 30, ಭಾನುವಾರ. ಫೈನಲ್‌ನಲ್ಲಿ ರಷ್ಯಾ. ಮೊದಲ ಪಂದ್ಯದಲ್ಲಿ ಆರಕ್ಕೆ ಆರೂ ಡ್ರಾ, 3–3. ಎರಡನೇ ಪಂದ್ಯ ನಡೆಯುತ್ತಿತ್ತು. ಒಮ್ಮೆಲೇ ನಿಹಾಲ್ ಮಣೆಯಲ್ಲಿ ಕಾಯಿ ಅಲುಗಲಿಲ್ಲ. ದಿವ್ಯಾಳ ಮಣೆಯಲ್ಲೂ ಅಲುಗಲಿಲ್ಲ. ಫೋನ್ ಹಿಡಿದಿದ್ದ ಹುಡುಗ, "ಸಾರ್, ನಮ್ ನೆಟ್ ಹೋಯ್ತು" ಎಂದವನೇ ಫೋನನ್ನು ಟಾರ್ಪಾಲಿನ ಹೊರಗೆ, ಮಳೆಗೆ ಚಾಚಿ ಹಿಡಿದ. ನೆಟ್ ಹೋದರೆ ಅದು ನಮ್ಮದೇ ಇರಬೇಕು ಎಂದು ಆ ಮಕ್ಕಳಿಗೆ ಅಷ್ಟು ರೂಢಿಯಾಗಿತ್ತು. ನಮ್ಮದು ಹೋಗಿರಲಿಲ್ಲ. ನೋಡಿದರೆ ಗಡಿಯಾರ ಇಳಿಯುತ್ತಲೇ ಇತ್ತು. ನಾಗಪುರದ ಹುಡುಗಿಯ ಗಡಿಯಾರ, ತ್ರಿಶೂರಿನ ಹುಡುಗನ ಗಡಿಯಾರ, ಎರಡೂ ಸೊನ್ನೆಗೆ ಬಂದವು. ಯೋಚಿಸಲು ಬಾರದೆ ಸಮಯ ಕಳೆದುಕೊಂಡರೆ ಅದು ಸೋಲು, ಒಪ್ಪುತ್ತೇನೆ. ಯೋಚಿಸಿದ ನಡೆ ಕೈಯಲ್ಲೇ ಇದ್ದೂ ಅದನ್ನು ಮಣೆಯ ಮೇಲಿಡಲು ಆಗದೆ ಕೂತಿರುವುದಿದೆಯಲ್ಲ, ಅದಕ್ಕೆ ನನ್ನಲ್ಲಿ ಹೆಸರಿಲ್ಲ.

4.5–1.5ರಿಂದ ರಷ್ಯಾ ಗೆದ್ದಿತೆಂದು ಮೊದಲು ಬಂತು. ಭಾರತ ಮೇಲ್ಮನವಿ ಸಲ್ಲಿಸಿತು. ಆ ದಿನ ಅಮೆರಿಕದ ಸೆಂಚುರಿಲಿಂಕ್ ಜಾಲದಲ್ಲಿ ತೊಡಕಾಗಿ, ಕ್ಲೌಡ್‌ಫ್ಲೇರ್ ಸೇವೆಗೆ ಪೆಟ್ಟು ಬಿದ್ದು, ಜಗತ್ತಿನ ಬೇರೆ ಬೇರೆ ಕಡೆ ಇಂಟರ್ನೆಟ್ ಕೈಕೊಟ್ಟಿತ್ತು. ಕಡೆಗೆ ಫಿಡೆ ಅಧ್ಯಕ್ಷ ಅರ್ಕಾಡಿ ಡ್ವೋರ್ಕೊವಿಚ್ ಎರಡೂ ತಂಡಗಳಿಗೆ ಚಿನ್ನ ಎಂದು ಘೋಷಿಸಿದರು. ಅವರು ರಷ್ಯಾದವರೇ, ಹಿಂದೆ ಆ ದೇಶದ ಉಪಪ್ರಧಾನಿ ಆಗಿದ್ದವರು. ಒಲಿಂಪಿಯಾಡ್ ಹೆಸರಿನ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ತಂಡದ ಚಿನ್ನ ಇದು.

ಅದು ಸರಿಯಾದ ತೀರ್ಮಾನ ಎಂದೇ ನನ್ನ ನಂಬಿಕೆ. ಆದರೆ ಹಾಗೆ ನಂಬುವವನು ಅರ್ಮೇನಿಯವನ್ನು ಮರೆಯುವ ಹಾಗಿಲ್ಲ. ಎರಡಕ್ಕೂ ವ್ಯತ್ಯಾಸವಿದೆ, ನಿಜ. ನಿಯಮದ ಪ್ರಕಾರ ಮನೆಯ ಸಂಪರ್ಕ ಆಟಗಾರನ ಹೊಣೆ. ಫೈನಲ್‌ನಲ್ಲಿ ಮುರಿದದ್ದು ಯಾರ ಮನೆಯ ಲೈನೂ ಅಲ್ಲ, ಎಲ್ಲರೂ ನಡೆಯುವ ಹೆದ್ದಾರಿ. ಕಾಗದದ ಮೇಲೆ ಇದು ಸರಿಯಾಗಿ ಕೂರುತ್ತದೆ. ಆದರೂ ಮಾರ್ಟಿರೋಸ್ಯಾನ್ ಆ ಹೊತ್ತು ಕಂಡದ್ದು ದಿವ್ಯಾ ಕಂಡದ್ದನ್ನೇ: ಅಲುಗದ ಕಾಯಿ, ಇಳಿಯುವ ಗಡಿಯಾರ. ಶುಕ್ರವಾರ ಅವನ ಸೋಲಿಗೆ ನಕ್ಕು, ಭಾನುವಾರ ಇವಳ ಸೋಲಿಗೆ ಅತ್ತರೆ ಅದು ಚದುರಂಗದ ಪ್ರೀತಿಯಲ್ಲ. ಮಕ್ಕಳಿಗೆ ಅವತ್ತೇ ಹೀಗೆಂದೆ. ಗುಡ್ಡ ಹತ್ತಿ ಪಾಠ ಕೇಳುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಈ ಕಥೆಯಲ್ಲಿ ನಮ್ಮ ಬೆಂಗಳೂರು ಎರಡು ಸಲ ಬರುತ್ತದೆ. ಲಾಕ್‌ಡೌನಿನಿಂದ ಮೂರು ತಿಂಗಳಿಗೂ ಹೆಚ್ಚು ಜರ್ಮನಿಯಲ್ಲಿ ಸಿಕ್ಕಿಕೊಂಡಿದ್ದ ಆನಂದ್, 2020ರ ಮೇ ಕೊನೆಗೆ ಬಂದಿಳಿದದ್ದು ಬೆಂಗಳೂರಿನಲ್ಲಿ. ಇಲ್ಲೇ ಕ್ವಾರಂಟೈನ್ ಮುಗಿಸಿ ಚೆನ್ನೈನ ಮನೆ ಸೇರಿದರು. ವರ್ಷದ ಕೊನೆಗೆ, ರಷ್ಯಾದಿಂದ ಚಿನ್ನದ ಪದಕಗಳ ಪೆಟ್ಟಿಗೆ ಬಂದದ್ದೂ ಬೆಂಗಳೂರಿಗೇ. ಅಲ್ಲಿಂದ ಚೆನ್ನೈ ತಲುಪಲು ಒಂದು ವಾರಕ್ಕೂ ಹೆಚ್ಚು ಹಿಡಿಯಿತು, ಸುಂಕವೆಂದು ಶ್ರೀನಾಥ್ 6,300 ರೂಪಾಯಿ ಕಟ್ಟಿ ಬಿಡಿಸಿಕೊಂಡರು. ಗೆದ್ದ ಪದಕಕ್ಕೆ ಸುಂಕ ಎಂದು ಓದಿ ಆ ದಿನ ನನಗೆ ಊಟ ಸೇರಲಿಲ್ಲ.

2021ರ ಆನ್‌ಲೈನ್ ಒಲಿಂಪಿಯಾಡಿನಲ್ಲಿ ಭಾರತ ಸೆಮಿಫೈನಲ್‌ನಲ್ಲಿ ಅಮೆರಿಕಕ್ಕೆ ಸೋತು ಕಂಚು ಪಡೆಯಿತು. 2024ರಲ್ಲಿ ಬುಡಾಪೆಸ್ಟ್‌ನಲ್ಲಿ, ಮರದ ಕಾಯಿ, ಎದುರು ಬದುರು ಕುರ್ಚಿ, ಎರಡೂ ವಿಭಾಗಗಳ ಚಿನ್ನ ಭಾರತಕ್ಕೇ ಬಂತು. ಆ ತಂಡಗಳಲ್ಲಿ ವಿದಿತ್, ಹರಿಕೃಷ್ಣ, ಪ್ರಜ್ಞಾನಂದ, ಹಾರಿಕಾ, ವೈಶಾಲಿ, ವಂತಿಕಾ, ದಿವ್ಯಾ ಎಲ್ಲರೂ ಇದ್ದರು. ದಿವ್ಯಾ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದಳು. ಫೈನಲ್‌ನಲ್ಲಿ ಅವಳ ಎದುರು ಕೂತಿದ್ದವರು ಹಂಪಿ.

ಇನ್ನೊಂದು ಆಟದ ವಿಷಯ ಹೇಳಿ ಮುಗಿಸುತ್ತೇನೆ. ಅದು ಯಾವ ದಾಖಲೆಯಲ್ಲೂ ಇಲ್ಲ. ಅದೇ 2020ರ ಅಕ್ಟೋಬರಿನಲ್ಲಿ ನಮ್ಮ ಮಕ್ಕಳಿಗೂ ಶಿರಸಿ ಕಡೆಯ ಮಕ್ಕಳಿಗೂ ಆನ್‌ಲೈನ್‌ನಲ್ಲಿ ಒಂದು ಪಂದ್ಯ ಇಟ್ಟುಕೊಂಡಿದ್ದೆವು. ಮಳೆಗೆ ಫೋನ್ ಚಾಚಿದ್ದ ಹುಡುಗನ ಆಟ ನಡುವೆ ನಿಂತಿತು. ಈ ಸಲ ಹೋದದ್ದು ನಮ್ಮದೇ ನೆಟ್. ಅರ್ಧ ಗಂಟೆ ಕಳೆದಿರಬಹುದು, ನಮ್ಮ ಮನೆಯ ಲ್ಯಾಂಡ್‌ಲೈನ್ ಬಾರಿಸಿತು. ಶಿರಸಿಯ ಹುಡುಗ. ತನ್ನ ಮೇಷ್ಟರ ಹತ್ತಿರ ನಂಬರ್ ಕೇಳಿ ಮಾಡಿದ್ದ. "ನಾನು ಮಣೆ ಮೇಲೆ ಹಾಗೇ ಜೋಡಿಸ್ಕಂಡಿದ್ದೀನಿ. ನಿಂದೇ ನಡೆ" ಎಂದ. ನಮ್ಮ ಹುಡುಗ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕಾಯಿ ಜೋಡಿಸಿ, "ಆನೆ ಡಿ ಏಳಕ್ಕೆ" ಎಂದ. ಇಪ್ಪತ್ತಕ್ಕೂ ಹೆಚ್ಚು ನಡೆ ಹಾಗೇ ನಡೆದವು. ನಮ್ಮವನು ಸೋತ. ಸೋತವನು ಫೋನ್ ಇಡಲಿಲ್ಲ. "ಈಗ ನಂಗೆ ಬಿಳಿ, ಜೋಡ್ಸು" ಎಂದ.