ಪರದೆ ಕಪ್ಪಾದಾಗ

ಕೇಳುಗರೇ, ನಮಸ್ಕಾರ.

ದಾವಣಗೆರೆಯ ಹಾಸ್ಟೆಲಿನಿಂದ ಒಂದು ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮಾ, ಉಬುಂಟು ಹಾಕಕ್ಕೆ ಹೋದೆ. ಸ್ಕ್ರೀನ್ ಪೂರಾ ಕಪ್ಪಾತು. ಲ್ಯಾಪ್‌ಟಾಪ್ ಕೆಟ್ಟೋತಾ?" ಧ್ವನಿ ನಡುಗುತ್ತಿತ್ತು. ಜಗಳೂರಿನಲ್ಲಿ ಭಾವ ಮೆಕ್ಕೆಜೋಳ ಮಾರಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಉಬುಂಟು ಅಂದರೆ ವಿಂಡೋಸ್ ಥರದ್ದೇ, ಲಿನಕ್ಸ್ ಆಧರಿಸಿದ ಒಂದು ಆಪರೇಟಿಂಗ್ ಸಿಸ್ಟಮ್.

"ಕ್ಯಾಪ್ಸ್ ಲಾಕ್ ಒತ್ತಿ ನೋಡು ಪುಟ್ಟಿ, ದೀಪ ಹತ್ತುತ್ತಾ?" ಅಂದೆ. ಹತ್ತಿತು. ಮತ್ತೆ ಒತ್ತಿದರೆ ಆರಿತು. ಹಾಗಿದ್ದರೆ ಒಳಗೆ ಕೆಲಸ ನಡೆದೇ ಇದೆ. ಚಿತ್ರ ಮಾತ್ರ ಪರದೆಗೆ ಬರುತ್ತಿಲ್ಲ.

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಾಣುವ ಕಂಪನಿಯ ಗುರುತನ್ನು ತೋರಿಸುವುದು ಅದರೊಳಗೇ ಕೂತಿರುವ ಮೂಲ ತಂತ್ರಾಂಶ, ಫರ್ಮ್‌ವೇರ್. ಆಮೇಲೆ ಲಿನಕ್ಸಿನ ತಿರುಳಾದ ಕರ್ನೆಲ್ ಬಂದು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ತಾನು ನೋಡಿಕೊಳ್ಳುತ್ತದೆ. ಕಾರ್ಡಿಗೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೂ ಹೊಂದಿಕೆಯಾಗದಿದ್ದರೆ ಅಲ್ಲೇ ಕಪ್ಪು.

ಈಗ ಪೆನ್ನು ತಗೊಳ್ಳಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಉಬುಂಟು ಇರುವ ಪೆನ್‌ಡ್ರೈವಿನಿಂದ ಮತ್ತೆ ಶುರು ಮಾಡಿ. ಶುರುವಿನಲ್ಲಿ ಬರುವ ಆಯ್ಕೆಗಳ ಪಟ್ಟಿ, ಅಂದರೆ ಗ್ರಬ್ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ 'ಇ' ಕೀ ಒತ್ತಿ. 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಸ್ಪೇಸ್ ಕೊಟ್ಟು 'ನೋಮೋಡ್‌ಸೆಟ್' ಅಂತ ಟೈಪ್ ಮಾಡಿ. ನಿಧಾನವಾಗಿ ಹೇಳ್ತೀನಿ: ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ. ಎಲ್ಲ ಸಣ್ಣಕ್ಷರ, ಒಂದೇ ಪದ. ಆಮೇಲೆ ಎಫ್ 10. ಫರ್ಮ್‌ವೇರ್ ಕೊಟ್ಟ ಸರಳ ಚಿತ್ರದಲ್ಲೇ ಸದ್ಯಕ್ಕೆ ನಡೆಸು ಅಂತ ಕರ್ನೆಲ್‌ಗೆ ಹೇಳಿದ ಹಾಗೆ ಇದು. ಅಕ್ಷರ ದೊಡ್ಡದಾಗಿ, ಮಸುಕಾಗಿ ಕಾಣಬಹುದು. ಇನ್‌ಸ್ಟಾಲ್ ಮಾಡಲು ಅಷ್ಟು ಸಾಕು.

ಈ ತಿದ್ದುವಿಕೆ ಸಾಮಾನ್ಯವಾಗಿ ಆ ಒಂದು ಸಲಕ್ಕೆ ಮಾತ್ರ. ಹಾಗಾಗಿ ಇನ್‌ಸ್ಟಾಲ್ ಮುಗಿದ ಮೇಲೆ ಮತ್ತೆ ಕಪ್ಪಾದರೆ ಗಾಬರಿ ಬೇಡ, ಇದನ್ನೇ ಇನ್ನೊಮ್ಮೆ ಮಾಡಿ. ಒಳಗೆ ಹೋದ ಮೇಲೆ 'ಅಡಿಷನಲ್ ಡ್ರೈವರ್ಸ್' ತೆರೆದು ಕಾರ್ಡಿಗೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ. ನೋಮೋಡ್‌ಸೆಟ್ ಊರುಗೋಲು ಇದ್ದ ಹಾಗೆ, ಕಾಲು ವಾಸಿಯಾದ ಮೇಲೂ ಹಿಡಿದುಕೊಂಡಿರಬಾರದು.

ಅಕ್ಕನ ಮಗಳು ಎಡವಿದ್ದು ಇಲ್ಲೇ. ಗುರುತಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಸ್ವಲ್ಪ ಹೊತ್ತು ಬರುತ್ತದೆ. ಅಲ್ಲಿ 'ಎನ್‌ರೋಲ್ ಎಂಓಕೆ', ಅಂದರೆ ಡ್ರೈವರನ್ನು ನಂಬಲು ಬೇಕಾದ ಕೀಲಿ ನೋಂದಾಯಿಸು ಅನ್ನುವುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅವಳು ಸುಮ್ನೆ ನೋಡ್ತಾ ಕೂತಿದ್ದಳು, ಪರದೆ ಹೋಯಿತು, ಡ್ರೈವರ್ ಕೆಲಸ ಮಾಡಲಿಲ್ಲ. ಮತ್ತೆ ಮೊದಲಿಂದ ಡ್ರೈವರ್ ಹಾಕಿಸಿದೆ. ಈ ಸಲ ಇಬ್ಬರೂ ಫೋನ್ ಇಡದೆ ಆ ನೀಲಿ ಪರದೆಗೆ ಕಾದೆವು. ಹನ್ನೊಂದೂವರೆಗೆ ಅವಳಿಂದ ಒಂದು ಫೋಟೋ ಬಂತು. ಪರದೆ ತುಂಬ ಬೆಳಕು.